ಖಾಲಿ ಚರ್ಚುಗಳು, ತುಂಬಿದ ಜಲ್ಸಾಗಳು

ಕಳೆದ ರಬೀಉಲ್ ಅವ್ವಲ್ ತಿಂಗಳಲ್ಲಿ ನಾಗನೂರದಲ್ಲಿ ಸೀರತ್ ಜಲ್ಸಾ ಇತ್ತು. ಕಬ್ಬಿನ ಸೀಜನ್ನು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಜನಕ್ಕೆ ಪುರುಸೊತ್ತಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದಲೂ ಟಂಟಂ ಮಾಡಿಕೊಂಡು ಬಂದಿದ್ದರು. ಹೊರಗಿನಿಂದ ಕರೆಸಿದ್ದ ಮೌಲಾನಾ ಒಳ್ಳೆಯ ಮಾತುಗಾರರು. ಪೈಗಂಬರರ ಬಾಲ್ಯದ ಬಡತನವನ್ನು ಅವರು ಬಣ್ಣಿಸಿದಾಗ ಹೆಂಗಸರ ಪರದೆಯ ಆಚೆಯಿಂದ ಬಿಕ್ಕುವ ಸದ್ದು ಕೇಳಿಸಿತು. ಆಮೇಲೆ ರಾತ್ರಿ ಹನ್ನೊಂದರ ಹೊತ್ತಿಗೆ ತಕ್ರೀರು ಯೂರೋಪಿಗೆ ಬಂತು. ಅಲ್ಲಿ ಚರ್ಚುಗಳು ಖಾಲಿ ಬಿದ್ದಿವೆ, ಮಾರಾಟಕ್ಕೆ ಬಂದಿವೆ, ಕೊಳ್ಳುತ್ತಿರುವವರು ನಾವು ಎಂದರು. ಪೆಂಡಾಲು ಅದುರುವ ಹಾಗೆ ನಾರಾ ಎದ್ದಿತು. ನನ್ನ ಕೈಯೂ ಮೇಲೆ ಹೋಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನ ಹೈಸ್ಕೂಲಿನ ಗೆಳೆಯ ಸಿಕ್ಕ. ಈಗ ಮಾಸ್ತರಿಕೆ ಮಾಡುತ್ತಾನೆ. ರಾತ್ರಿಯ ಮೈಕು ಅವನ ಮನೆಯವರೆಗೂ ಕೇಳಿಸಿತ್ತು. "ನಮ್ಮ ಕಡೆ ಭಾಷಣದಾಗೂ ಇದ ಮಾತು ಬರ್ತದಪಾ. ಯೂರೋಪದಾಗ ಚರ್ಚ್ ಖಾಲಿ ಆಗ್ಯಾವ, ಅವರೆಲ್ಲಾ ನಮ್ಮ ಯೋಗ, ವೇದಾಂತದ ಕಡೆ ಬರಾಕತ್ತಾರ ಅಂತ. ಮಾಲ್ ಒಂದ, ಗಿರಾಕಿ ಹೆಸರಷ್ಟ ಬ್ಯಾರೆ" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ನಗು ಮನೆಗೆ ಬರುವಷ್ಟರಲ್ಲಿ ಕಹಿಯಾಗಿತ್ತು. ಎರಡು ಪೆಂಡಾಲುಗಳು ಒಂದೇ ಮಾತನ್ನು ಒಂದೇ ಗೆಲುವಿನಲ್ಲಿ ಹೇಳುತ್ತಿದ್ದರೆ ಆ ಮಾತನ್ನು ಒಮ್ಮೆ ತಿರುವಿ ನೋಡಬೇಕಾಗುತ್ತದೆ.

ಮೊದಲು ನಿಜ ಎಷ್ಟು ಎಂಬುದನ್ನು ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಾವು ಕ್ರೈಸ್ತರು ಎಂದು ಬರೆಸಿದವರು 2001ರಲ್ಲಿ ಶೇ. 71.7 ಇದ್ದರು, 2011ರಲ್ಲಿ ಶೇ. 59.3 ಆದರು, 2021ರಲ್ಲಿ ಶೇ. 46.2ಕ್ಕೆ ಇಳಿದರು. ಸ್ವಿಟ್ಜರ್‌ಲೆಂಡಿನಲ್ಲಿ 2022ರ ಲೆಕ್ಕದ ಪ್ರಕಾರ ಯಾವ ಧರ್ಮಕ್ಕೂ ಸೇರದವರ ಸಂಖ್ಯೆ ಕ್ಯಾಥೊಲಿಕರ ಸಂಖ್ಯೆಯನ್ನೂ ದಾಟಿದೆ. ಜರ್ಮನಿಯಲ್ಲಿ 2022ರ ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಕ್ಯಾಥೊಲಿಕ್ ಚರ್ಚಿನಿಂದ ಹೆಸರು ತೆಗೆಸಿಕೊಂಡರು. ಅಲ್ಲಿ ಚರ್ಚಿನ ಸದಸ್ಯರು ಆದಾಯ ತೆರಿಗೆಯ ಜತೆಗೆ ಚರ್ಚ್ ತೆರಿಗೆಯನ್ನೂ ಕೊಡಬೇಕಾದ್ದರಿಂದ ಹೆಸರು ತೆಗೆಸುವುದು ಸರಕಾರಿ ಕಚೇರಿಯಲ್ಲಿ ಸಹಿ ಹಾಕಿ ಮಾಡುವ ಕೆಲಸ. ಅಂದರೆ ಇವರು ಮರೆತು ದೂರವಾದವರಲ್ಲ, ತೀರ್ಮಾನ ಮಾಡಿ ಹೊರಬಂದವರು.

ಹಾಗಾದರೆ ಮೌಲಾನಾ ಹೇಳಿದ ಮೊದಲರ್ಧ ಸರಿ. ಎರಡನೆಯ ಅರ್ಧ? 2011ರಿಂದ 2021ರ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರ ಪಾಲು ಹದಿಮೂರು ಅಂಶ ಕುಸಿಯಿತು. ಅದೇ ಹತ್ತು ವರ್ಷಗಳಲ್ಲಿ 'ಧರ್ಮವಿಲ್ಲ' ಎಂದವರ ಪಾಲು ಶೇ. 25.2ರಿಂದ 37.2ಕ್ಕೆ ಏರಿತು, ಅಂದರೆ ಹನ್ನೆರಡು ಅಂಶ. ಮುಸ್ಲಿಮರ ಪಾಲು ಶೇ. 4.9ರಿಂದ 6.5ಕ್ಕೆ ಬಂತು, ಅದರಲ್ಲೂ ಬಹುಪಾಲು ವಲಸೆ ಮತ್ತು ಹೆರಿಗೆಯ ಲೆಕ್ಕವೇ ಹೊರತು ಚರ್ಚು ಬಿಟ್ಟು ಮಸೀದಿಗೆ ಬಂದವರದ್ದಲ್ಲ. ಚರ್ಚಿನ ಬಾಗಿಲಿನಿಂದ ಹೊರಬಂದವರು ನಮ್ಮ ಬಾಗಿಲು ತಟ್ಟಲಿಲ್ಲ, ಮನೆಗೆ ಹೋದರು. ಅಮೆರಿಕದ ವಿಷಯವಾಗಿ ಪ್ಯೂ ಸಂಸ್ಥೆ 2017ರಲ್ಲಿ ನಡೆಸಿದ ಸಮೀಕ್ಷೆ ಇನ್ನೂ ಇರಿಸುಮುರಿಸಿನದು. ಅಲ್ಲಿ ಮುಸ್ಲಿಮರಾಗಿ ಬೆಳೆದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ದೊಡ್ಡವರಾದ ಮೇಲೆ ತಮ್ಮನ್ನು ಮುಸ್ಲಿಮರೆಂದು ಹೇಳಿಕೊಳ್ಳುತ್ತಿಲ್ಲ. ಹೆಚ್ಚುಕಡಿಮೆ ಅಷ್ಟೇ ಜನ ಹೊರಗಿನಿಂದ ಇಸ್ಲಾಮಿಗೆ ಬಂದಿದ್ದಾರೆ. ಬಂದವರ ಲೆಕ್ಕವನ್ನು ನಾವು ಪೋಸ್ಟರು ಮಾಡಿ ಹಂಚುತ್ತೇವೆ. ಹೋದವರ ಲೆಕ್ಕ ಯಾವ ಜಲ್ಸಾದಲ್ಲಿಯೂ ನನ್ನ ಕಿವಿಗೆ ಬಿದ್ದಿಲ್ಲ.

ಚರ್ಚು ಮಸೀದಿಯಾದದ್ದಕ್ಕೆ ಉದಾಹರಣೆ ಇಲ್ಲವೆಂದಲ್ಲ. ಲಂಡನ್ನಿನ ಬ್ರಿಕ್ ಲೇನಿನ ಮಸೀದಿಯನ್ನೇ ನೋಡಿ. ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು 1743ರಲ್ಲಿ ಕಟ್ಟಿದ ಪ್ರಾರ್ಥನಾಲಯ ಅದು. ಮುಂದೆ ಮೆಥಡಿಸ್ಟರ ಕೈಗೆ ಹೋಯಿತು. 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು. 1976ರಲ್ಲಿ ಬಾಂಗ್ಲಾದಿಂದ ಬಂದವರ ಮಸೀದಿಯಾಯಿತು. ಮೌಲಾನಾ ಈ ಕಥೆಯ ಕೊನೆಯ ಸಾಲನ್ನಷ್ಟೇ ಓದುತ್ತಾರೆ. ಕಥೆಗಾರನಾದ ನನಗೆ ಇಡೀ ಕಥೆ ಬೇಕು. ಆ ಗೋಡೆಗಳ ನಡುವೆ ಕೂತ ಪ್ರತಿಯೊಂದು ಜಮಾತೂ ಇದು ಕಿಯಾಮತ್ತಿನವರೆಗೆ ತನ್ನದೇ ಎಂದುಕೊಂಡಿದ್ದಿರಬೇಕು.

ಈ ಬಗೆಯ ತಕ್ರೀರು ಮೌಲಾನಾ ಒಬ್ಬರ ಸೃಷ್ಟಿಯಲ್ಲ. ಅದಕ್ಕೊಂದು ವಂಶಾವಳಿ ಇದೆ, ಉರ್ದು ಓದಿದವರಿಗೆಲ್ಲ ಪರಿಚಿತ. ಅದರಲ್ಲಿ ಮೊದಲು ನೆನಪಾಗುವುದು ಇಕ್ಬಾಲ್. 1905ರಿಂದ 1908ರವರೆಗೆ ಕೇಂಬ್ರಿಜ್ ಮತ್ತು ಜರ್ಮನಿಯಲ್ಲಿದ್ದ ಅವರು 1907ರಲ್ಲಿ ಬರೆದ ಗಝಲಿನಲ್ಲಿ ಪಶ್ಚಿಮದ ನಾಗರಿಕತೆ ತನ್ನ ಕತ್ತಿಯಿಂದಲೇ ತಾನು ಸಾಯುತ್ತದೆ ಎಂಬ ಅರ್ಥದ ಒಂದು ಶೇರ್ ಇದೆ. ಉರ್ದು ಶಾಲೆಯಲ್ಲಿ ನಮಗೆ ಅದನ್ನು ಬಾಯಿಪಾಠ ಮಾಡಿಸಿದ್ದರು. ಅದಿಲ್ಲದೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬರುತ್ತಿರಲಿಲ್ಲ. ಆದರೆ ಅದೇ ಇಕ್ಬಾಲ್ 1929ರ ಜನವರಿಯಲ್ಲಿ ಮದರಾಸಿನಿಂದ ನಮ್ಮ ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣಕ್ಕೆ ಬಂದರು. ಆ ಪ್ರವಾಸದಲ್ಲಿ ಅವರು ಕೊಟ್ಟ ಇಂಗ್ಲಿಷ್ ಉಪನ್ಯಾಸಗಳು ಮರುವರ್ಷ ಪುಸ್ತಕವಾದವು. ಐದುನೂರು ವರ್ಷಗಳಿಂದ ನಮ್ಮ ಧಾರ್ಮಿಕ ಚಿಂತನೆ ನಿಂತಲ್ಲೇ ನಿಂತಿದೆ ಎಂಬ ಸಂಕಟ ಅಲ್ಲಿದೆ. ಪಶ್ಚಿಮದ ಕತ್ತಿಯ ಮಾತು ಎಲ್ಲರಿಗೂ ನೆನಪಿದೆ, ನಿಂತ ನೀರಿನ ಮಾತು ಯಾರಿಗೂ ನೆನಪಿಲ್ಲ. ಅಕ್ಬರ್ ಇಲಾಹಾಬಾದಿಯವರಿಗೂ ಇದೇ ಗತಿ. ಅವರ ಚುಟುಕುಗಳ ಹಾಸ್ಯವೆಲ್ಲ ಲಂಡನ್ನಿನ ಸಾಹೇಬನ ಮೇಲಿನದಲ್ಲ, ಇಂಗ್ಲಿಷ್ ಕಲಿತು ನಮಾಜು ಮರೆತ ನಮ್ಮ ಹುಡುಗರ ಮೇಲಿನದು. ಈಮಾನಿನ ಕುಸಿತ ಅವರಿಗೆ ಮನೆಯ ಸಮಾಚಾರವಾಗಿತ್ತು. ನಾವು ಅದನ್ನು ಪರದೇಶದ ಸಮಾಚಾರ ಮಾಡಿಕೊಂಡೆವು.

ಇನ್ನೂ ಹಿಂದೆ ಹೋದರೆ ಆಗ್ರಾದ ಮುನಾಜರಾ ಸಿಗುತ್ತದೆ. 1854ರ ಏಪ್ರಿಲ್‌ನಲ್ಲಿ ಪಾದ್ರಿ ಫಾಂಡರ್ ಮತ್ತು ಮೌಲಾನಾ ರಹಮತುಲ್ಲಾ ಕೈರಾನವಿ ಎರಡು ದಿನ ಎದುರುಬದುರು ಕೂತು ವಾದಿಸಿದರು. ನಮ್ಮವರು ಗೆದ್ದರು ಎಂದು ನಾವು ಓದಿದೆವು. ಅದು ಬಹುಮಟ್ಟಿಗೆ ನಿಜವೇ. ಬೈಬಲ್ಲಿನ ಪ್ರತಿಗಳಲ್ಲಿ ಪಾಠಭೇದಗಳಿವೆ ಎಂದು ಫಾಂಡರ್ ಒಪ್ಪಿಕೊಳ್ಳಬೇಕಾಯಿತು. ಆದರೆ ಆ ವಾದದ ಮದ್ದುಗುಂಡು ಎಲ್ಲಿಂದ ಬಂತು? ಕೈರಾನವಿಯವರ ಗೆಳೆಯ ಡಾಕ್ಟರ್ ವಜೀರ್ ಖಾನ್ ಇಂಗ್ಲೆಂಡಿನಲ್ಲಿ ವೈದ್ಯ ಓದಿ ಬರುವಾಗ ಬೈಬಲ್ಲನ್ನು ಪ್ರಶ್ನಿಸುವ ಯೂರೋಪಿನ ಗ್ರಂಥಗಳನ್ನು ಹೊತ್ತು ತಂದಿದ್ದರು. ಜರ್ಮನಿಯ ವಿದ್ವಾಂಸರು ತಮ್ಮದೇ ಗ್ರಂಥವನ್ನು ಒರೆಗೆ ಹಚ್ಚಿ ಬರೆದದ್ದು ಆಗ್ರಾದಲ್ಲಿ ನಮಗೆ ಅಸ್ತ್ರವಾಯಿತು. 1825ರಲ್ಲೇ ಯೂರೋಪು ಬಿಟ್ಟಿದ್ದ ಫಾಂಡರ್‌ಗೆ ಮನೆಯಲ್ಲಿ ಆಮೇಲೆ ಏನೇನಾಯಿತು ಎಂಬುದರ ಪೂರ್ತಿ ಅರಿವಿರಲಿಲ್ಲ. ತನ್ನ ಮನೆಯ ಸುದ್ದಿಯನ್ನು ಎದುರಾಳಿಯ ಬಾಯಿಂದ ಕೇಳುವ ಸ್ಥಿತಿ ಅವನದಾಯಿತು. ಕೈರಾನವಿಯವರ ಪಾಂಡಿತ್ಯದ ಬಗ್ಗೆ ನನಗೆ ಗೌರವವಿದೆ. ನನ್ನ ಪ್ರಶ್ನೆ ಅವರ ನಂತರದವರಿಗೆ. ಆ ಇಬ್ಬಾಯಿ ಕತ್ತಿಯನ್ನು ನೂರೆಪ್ಪತ್ತು ವರ್ಷ ಬೀಸಿದ ನಾವು, ಅದೇ ಪ್ರಶ್ನೆಗಳನ್ನು ನಮ್ಮ ಮಕ್ಕಳು ಒಂದು ದಿನ ನಮಗೇ ಕೇಳಿಯಾರು ಎಂದು ಯಾವಾಗಲಾದರೂ ಯೋಚಿಸಿದ್ದೇವೆಯೆ?

ಈ ಫಾಂಡರ್ ತರಬೇತಾದದ್ದು ಬಾಸೆಲ್‌ನಲ್ಲಿ. ಕನ್ನಡಿಗರಿಗೆ ಆ ಊರು ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹಬ್ಬಿದ ಬಾಸೆಲ್ ಮಿಶನ್ನು ಅಲ್ಲಿಯದು. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್, ತಲಶೇರಿಯಲ್ಲಿ ಕೂತು ಮಲೆಯಾಳಕ್ಕೆ ನಿಘಂಟು ಮಾಡಿದ ಗುಂಡರ್ಟ್, ಎಲ್ಲರೂ ಆ ಮಿಶನ್ನಿನವರು. ಇವರನ್ನು ನಾವು ನಿಘಂಟುಗಳಾಗಿ, ಹೆಂಚಿನ ಕಾರಖಾನೆಗಳಾಗಿ, ಶಾಲೆಗಳಾಗಿ ಬಲ್ಲೆವು. ಅವರ ಎದೆಯಲ್ಲಿ ಏನಿತ್ತು ಎಂದು ಕೇಳಿಲ್ಲ.

ಫಾಂಡರ್, ಮೋಗ್ಲಿಂಗ್, ಗುಂಡರ್ಟ್ ಮೂವರೂ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಡೇವಿಡ್ ಸ್ಟ್ರಾಸ್ ಎಂಬ ತರುಣ ವಿದ್ವಾಂಸನೂ ಅದೇ ಸೀಮೆಯವನು. ಅವನು 1835ರಲ್ಲಿ ಯೇಸುವಿನ ಜೀವನವನ್ನು ಕುರಿತು ಬರೆದ ಪುಸ್ತಕ ಸುವಾರ್ತೆಗಳ ಪವಾಡಗಳನ್ನು ಪುರಾಣವೆಂದು ಓದಿ ಇಡೀ ಯೂರೋಪನ್ನು ಅಲುಗಾಡಿಸಿತು, ಅವನ ಕೆಲಸವನ್ನೂ ತಿಂದಿತು. ಮರುವರ್ಷ, 1836ರಲ್ಲಿ, ಮೋಗ್ಲಿಂಗ್ ಮತ್ತು ಗುಂಡರ್ಟ್ ಇಂಡಿಯಾಕ್ಕೆ ಬಂದರು. ಮೋಗ್ಲಿಂಗ್, ಗುಂಡರ್ಟ್, ಸ್ಟ್ರಾಸ್ ಮೂವರೂ ಓದಿದ್ದು ಟ್ಯೂಬಿಂಗೆನ್ನಿನ ಒಂದೇ ವಿದ್ಯಾಪೀಠದಲ್ಲಿ. ಅಂದರೆ ಯೂರೋಪಿನ ಅವಿಶ್ವಾಸ ಇತ್ತೀಚಿನ ಟಿವಿ, ಸಿನಿಮಾ, ಸ್ವಚ್ಛಂದ ಬದುಕಿನಿಂದ ಹುಟ್ಟಿದ್ದು ಎಂದು ಮೌಲಾನಾ ಹೇಳಿದರಲ್ಲ, ಅದು ತಪ್ಪು. ಮಿಶನ್ನೂ ಸಂಶಯವೂ ಒಂದೇ ಬೆಂಚಿನ ಮೇಲೆ ಕೂತು ಓದಿದವು. ಒಂದು ಹಡಗು ಹತ್ತಿತು, ಇನ್ನೊಂದು ಮನೆಯಲ್ಲೇ ಉಳಿಯಿತು.

ಮುಂದಿನದು ಒಂದೇ ಮನೆತನದ ಕಥೆ. ಗುಂಡರ್ಟ್ ದಂಪತಿಗೆ 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದ ಮಗಳು ಮರೀ. ಆಕೆ ಮುಂದೆ ಮದುವೆಯಾದದ್ದು ನಮ್ಮ ಪಶ್ಚಿಮ ಕರಾವಳಿಯಲ್ಲೇ ಕೆಲಸ ಮಾಡಿ ಆರೋಗ್ಯ ಕೆಟ್ಟು ಹಿಂದಿರುಗಿದ್ದ ಮಿಶನರಿ ಯೊಹಾನೆಸ್ ಹೆಸ್ಸೆಯನ್ನು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಅಜ್ಜ ಓದಿದ್ದ ಮೌಲ್‌ಬ್ರಾನ್ನಿನ ಧಾರ್ಮಿಕ ಶಾಲೆಗೇ ಮೊಮ್ಮಗನನ್ನೂ ಹಾಕಿದರು. 1892ರಲ್ಲಿ, ಹದಿನೈದು ತುಂಬುವ ಮೊದಲೇ, ಹುಡುಗ ಅಲ್ಲಿಂದ ಓಡಿಹೋದ. ಸ್ಟ್ರಾಸ್‌ನ ವಾದಗಳನ್ನು ಓದಿ ಓಡಿದ್ದಲ್ಲ. ಅಲ್ಲಿಯ ಶಿಸ್ತು, ಉರುಹೊಡೆತ, ಮಗುವಿನ ಮನಸ್ಸನ್ನು ಮುರಿದರೇ ದೇವರು ಒಳಗೆ ಬರುತ್ತಾನೆಂಬ ನಂಬಿಕೆ, ಇವುಗಳಿಂದ ಓಡಿದ. 1906ರಲ್ಲಿ ಅಂಥದೇ ಶಾಲೆಯಲ್ಲಿ ನುಜ್ಜುಗುಜ್ಜಾಗುವ ಹುಡುಗನ ಕಾದಂಬರಿ ಬರೆದ. ಅಜ್ಜ ಸಮುದ್ರ ದಾಟಿ ಪರರ ಮಕ್ಕಳನ್ನು ವಿಶ್ವಾಸಕ್ಕೆ ಕರೆದ. ಅದೇ ಮನೆಯ ಮಗುವನ್ನು ಆ ವಿಶ್ವಾಸ ಹಿಡಿದಿಟ್ಟುಕೊಳ್ಳಲಾರದೆ ಹೋಯಿತು.

ಇದನ್ನು ಓದಿದಾಗ ನಾನು ಕಲಿತ ಮಕ್ತಬ್ ನೆನಪಾಯಿತು. ಊರಿನ ಹೆಸರು ಬೇಡ. ಜೇರ್, ಜಬರ್, ಪೇಶ್ ತಪ್ಪಿದ್ದಕ್ಕೆ ಅಂಗೈ ಮೇಲೆ ಬೀಳುತ್ತಿದ್ದ ಬೆತ್ತ ನೆನಪಾಯಿತು. ನನ್ನ ಜತೆ ಓದಿದ ಒಬ್ಬ ಹುಡುಗ ಎರಡು ಸಲ ಓಡಿಹೋಗಿದ್ದ, ಎರಡು ಸಲವೂ ಅವನ ಅಪ್ಪನೇ ಹಿಡಿದು ತಂದು ಒಪ್ಪಿಸಿದ್ದ. ಈಗ ದುಬೈಯಲ್ಲಿದ್ದಾನೆ. ಚೆನ್ನಾಗಿ ದುಡಿಯುತ್ತಾನೆ, ಮಸೀದಿಗೆ ಚಂದಾ ಕಳಿಸುತ್ತಾನೆ. ಅಲ್ಲಾಹನ ಹೆಸರು ಕೇಳಿದರೆ ಇವತ್ತಿಗೂ ಅಂಗೈ ಬಿಸಿಯಾಗುತ್ತದೆ ಎಂದು ನನ್ನೊಬ್ಬನಿಗೆ ಹೇಳಿದ್ದಾನೆ. ಯಾವ ಜನಗಣತಿಯಲ್ಲಿಯೂ ಅವನು 'ಧರ್ಮವಿಲ್ಲ' ಎಂದು ಬರೆಸುವುದಿಲ್ಲ. ನಮ್ಮಲ್ಲಿ ಲೆಕ್ಕ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಈಗ ಬೆಳಗಾವಿ ಜಿಲ್ಲೆಯ ನಾವು ಯಾರೂ ಮರೆಯಬಾರದ ಸಂಗತಿಗೆ ಬರುತ್ತೇನೆ. ಪಶ್ಚಿಮದ ಚರ್ಚಿನ ಕುಸಿತವನ್ನು ಮಾತಾಡುವವರು ಲಂಡನ್, ಪ್ಯಾರಿಸ್ ಎನ್ನುತ್ತಾರೆ. ಆದರೆ ಇಡೀ ಪಶ್ಚಿಮ ಯೂರೋಪಿನಲ್ಲಿ ಅತ್ಯಂತ ಗಟ್ಟಿಯಾಗಿ ನಿಂತಿದ್ದ ಒಂದು ಕ್ಯಾಥೊಲಿಕ್ ದೇಶದ ಕುಸಿತದ ಕಥೆಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳ ಹೆಸರು ಬರೆದಿದೆ.

ಐರ್ಲೆಂಡಿನಲ್ಲಿ ಚರ್ಚು ಬರೀ ಪ್ರಾರ್ಥನೆಯ ಜಾಗವಾಗಿರಲಿಲ್ಲ. ಶಾಲೆ, ಆಸ್ಪತ್ರೆ, ಅನಾಥಾಲಯ, ಮದುವೆ, ಮಣ್ಣು ಎಲ್ಲವೂ ಅದರ ಕೈಯಲ್ಲಿತ್ತು. 1970ರ ದಶಕದ ಆರಂಭದಲ್ಲಿ ಹತ್ತು ಕ್ಯಾಥೊಲಿಕರಲ್ಲಿ ಒಂಬತ್ತು ಮಂದಿ ಪ್ರತಿವಾರ ಪೂಜೆಗೆ ಹೋಗುತ್ತಿದ್ದ ದೇಶ ಅದು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಡಬ್ಲಿನ್ನಿಗೆ ಬಂದಾಗ ಒಂದೇ ಬಯಲಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನ ನೆರೆದಿದ್ದರು. 1983ರಲ್ಲಿ ಜನಮತ ತೆಗೆದು, ಗರ್ಭದಲ್ಲಿರುವ ಶಿಶುವಿನ ಬದುಕಿನ ಹಕ್ಕು ತಾಯಿಯ ಹಕ್ಕಿಗೆ ಸಮ ಎಂಬ ಎಂಟನೆಯ ತಿದ್ದುಪಡಿಯನ್ನು ಸಂವಿಧಾನದಲ್ಲಿ ಸೇರಿಸಿದರು. ಮೂರರಲ್ಲಿ ಎರಡು ಪಾಲು ಮತ ಅದರ ಪರವಾಗಿತ್ತು.

ಬೆಳಗಾವಿಯ ಸವಿತಾ ಹಾಲಪ್ಪನವರ ದಂತವೈದ್ಯೆ. ಗಂಡನೊಡನೆ ಗಾಲ್ವೇ ಊರಿನಲ್ಲಿದ್ದರು. ಮೂವತ್ತೊಂದು ವರ್ಷ. ಚೊಚ್ಚಲ ಬಸುರಿ, ಹದಿನೇಳನೆಯ ವಾರ. 2012ರ ಅಕ್ಟೋಬರ್ 21ರಂದು ನೋವು ಬಂದು ಅಲ್ಲಿಯ ಆಸ್ಪತ್ರೆಗೆ ಸೇರಿದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರು. ಹಾಗಿದ್ದರೆ ತೆಗೆದುಬಿಡಿ ಎಂದು ಸವಿತಾ ಕೇಳಿದರು. ಶಿಶುವಿನ ಎದೆ ಇನ್ನೂ ಮಿಡಿಯುತ್ತಿದೆ, ತೆಗೆಯುವಂತಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ಕೇಳಬೇಕಾಯಿತು. ಆ ಮಾತನ್ನಾಡಿದ್ದು ಹೌದು ಎಂದು ಒಬ್ಬ ಸೂಲಗಿತ್ತಿ ನರ್ಸು 2013ರ ವಿಚಾರಣೆಯಲ್ಲಿ ಒಪ್ಪಿಕೊಂಡರು, ನೋಯಿಸುವ ಉದ್ದೇಶದಿಂದ ಆಡಿದ್ದಲ್ಲ ಎಂದರು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ನಂಜನ್ನು ಸಕಾಲದಲ್ಲಿ ಗುರುತಿಸದ ವೈದ್ಯಕೀಯ ತಪ್ಪುಗಳೂ ಅಲ್ಲಿ ಒಂದರ ಮೇಲೊಂದು ಆದವು ಎಂದು ತನಿಖೆಗಳು ಹೇಳಿವೆ, ಅದನ್ನೂ ಮರೆಮಾಚಬಾರದು. ಆದರೆ ಕೈ ಕಟ್ಟಿ ಕಾಯುವಂತೆ ಮಾಡಿದ್ದು ಆ ಕಾನೂನು, ಆ ಕಾನೂನಿನ ಹಿಂದಿನ ಭಯ.

ಮುಂದಿನದು ಲೋಕಕ್ಕೆ ಗೊತ್ತು. ಆಕೆಯ ಚಿತ್ರ ಹಿಡಿದು ಐರ್ಲೆಂಡಿನ ಹೆಂಗಸರು ಬೀದಿಗಿಳಿದರು. 2018ರ ಮೇ 25ರಂದು ಮತ್ತೆ ಜನಮತ ನಡೆಯಿತು. ಅದಕ್ಕೆ ಮುಂಚೆ ಆಕೆಯ ತಂದೆತಾಯಿ ಬೆಳಗಾವಿಯಿಂದಲೇ ಅಲ್ಲಿಯ ಜನರಿಗೆ ಮನವಿ ಮಾಡಿದ್ದರು. ಶೇ. 66.4 ಮತಗಳು ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದವು. ಮೂರರಲ್ಲಿ ಎರಡು ಪಾಲು ಜನ ಹಾಕಿದ್ದನ್ನು ಮೂವತ್ತೈದು ವರ್ಷಗಳ ಮೇಲೆ ಮೂರರಲ್ಲಿ ಎರಡು ಪಾಲು ಜನವೇ ತೆಗೆದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬಿಡಿಸಿದ್ದ ಸವಿತಾ ಅವರ ಚಿತ್ರದ ಸುತ್ತ ಜನ ಕ್ಷಮೆ ಕೇಳುವ ಚೀಟಿಗಳನ್ನು ಅಂಟಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸ್ ಅದೇ ಡಬ್ಲಿನ್ ಬಯಲಿಗೆ ಬಂದಾಗ ಐದು ಲಕ್ಷ ಜನರನ್ನು ನಿರೀಕ್ಷಿಸಿದ್ದರು, ಸೇರಿದವರು ಅದಕ್ಕಿಂತ ಬಹಳ ಕಡಿಮೆ. 2022ರ ಗಣತಿಯಲ್ಲಿ ಕ್ಯಾಥೊಲಿಕರೆಂದು ಬರೆಸಿದವರು ಶೇ. 69ಕ್ಕೆ ಇಳಿದಿದ್ದರು.

ಇದೆಲ್ಲ ಸವಿತಾ ಒಬ್ಬರಿಂದ ಆದದ್ದಲ್ಲ. ಪಾದ್ರಿಗಳು ಮಕ್ಕಳ ಮೇಲೆ ಎಸಗಿದ ಅತ್ಯಾಚಾರವನ್ನು ಬಿಷಪ್ಪರು ಹೇಗೆ ಮುಚ್ಚಿಟ್ಟರು ಎಂಬ ವರದಿಗಳು 2009ರಲ್ಲೇ ಹೊರಬಂದಿದ್ದವು. ಮದುವೆಯಾಗದೆ ಬಸುರಾದ ಹುಡುಗಿಯರನ್ನೂ 'ದಾರಿ ತಪ್ಪಿದವರು' ಎನಿಸಿಕೊಂಡ ಹೆಂಗಸರನ್ನೂ ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಸನ್ಯಾಸಿನಿಯರ ಲಾಂಡ್ರಿಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಇಲ್ಲಿ ಗಮನಿಸಬೇಕಾದ್ದು ಇಷ್ಟೆ: ಐರ್ಲೆಂಡಿನ ಜನ ಡಾರ್ವಿನ್ನನನ್ನು ಓದಿ ಚರ್ಚು ಬಿಡಲಿಲ್ಲ, ನಮ್ಮ ಮುನಾಜರಾಗಳಿಗೆ ಸೋತೂ ಬಿಡಲಿಲ್ಲ. ಚರ್ಚಿನ ಯಜಮಾನರು ಎದುರಿಗೆ ಬಿದ್ದಿದ್ದ ಮನುಷ್ಯಳಿಗಿಂತ ತಮ್ಮ ಹಿಡಿತವನ್ನು ದೊಡ್ಡದು ಮಾಡಿದಾಗ, ಮಾನ ಉಳಿಸಲು ಮಕ್ಕಳನ್ನು ಬಲಿಕೊಟ್ಟಾಗ, ತಾಯಂದಿರು ಮಕ್ಕಳ ಕೈಹಿಡಿದು ಎದ್ದುಹೋದರು. ತಾಯಿಯ ಜೀವಕ್ಕೆ ಅಪಾಯವಿದ್ದರೆ ತಾಯಿಯೇ ಮೊದಲು ಎಂಬುದು ನಮ್ಮ ಫಿಕ್‌ಹ್‌ನಲ್ಲಿ ವ್ಯಾಪಕವಾಗಿ ಒಪ್ಪಿದ ಮಾತು. ಇದನ್ನು ಹೇಳಿ ನಾವು ಎದೆಯುಬ್ಬಿಸಬಹುದು. ಉಬ್ಬಿಸುವ ಮುಂಚೆ, ಒಂದೇ ಉಸಿರಿನಲ್ಲಿ ಹೇಳಿದ ಮೂರು ತಲಾಕಿನಿಂದ ಬೀದಿಗೆ ಬಿದ್ದ ಹೆಣ್ಣುಮಕ್ಕಳು ನಮ್ಮ ಜಮಾತುಗಳ ಬಾಗಿಲಲ್ಲಿ ಎಷ್ಟು ವರ್ಷ ಕಾದರು, ಅಲ್ಲಿ ಫಿಕ್‌ಹ್‌ನ ಯಾವ ಪುಟ ತೆರೆಯಿತು, ಯಾವುದು ಮುಚ್ಚಿಯೇ ಇತ್ತು ಎಂಬುದನ್ನೂ ನೆನೆಯಬೇಕು.

ಕನ್ನಡದ ಕಥನ ಸಾಹಿತ್ಯದ ಮೇಲೂ ನನ್ನದೊಂದು ತಕರಾರಿದೆ. ಕಾರಂತರ 'ಚೋಮನ ದುಡಿ'ಯಲ್ಲಿ (1933) ಚೋಮನಿಗೆ ಕ್ರೈಸ್ತ ಮತವೆಂದರೆ ಬೇಸಾಯಕ್ಕೆ ಸಿಗಬಹುದಾದ ತುಂಡು ಭೂಮಿ. ಹೊರಟವನು ಪಂಜುರ್ಲಿಯ ನೆನಪಿಗೆ ಹಿಂದೆ ಬರುತ್ತಾನೆ. ಆ ಹಿಂದಿರುಗುವಿಕೆಯಲ್ಲಿ ಚೋಮನ ಎದೆ ನಮಗೆ ಪೂರ್ತಿ ಕಾಣುತ್ತದೆ, ಪಾದ್ರಿಯ ಎದೆ ಕಾಣುವುದಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಪಾದ್ರಿ ಜೀವರತ್ನಯ್ಯನ ಬೈಸಿಕಲ್ಲು ಓದುಗರಿಗೆಲ್ಲ ನೆನಪಿರುತ್ತದೆ, ಅವನ ಪ್ರಾರ್ಥನೆ ಯಾರಿಗೂ ನೆನಪಿರುವುದಿಲ್ಲ. ಇಬ್ಬರೂ ದೊಡ್ಡ ಲೇಖಕರು, ಅವರವರ ಕೃತಿಗೆ ಬೇಕಾದಷ್ಟನ್ನು ತೆಗೆದುಕೊಂಡರು, ಅದು ತಪ್ಪಲ್ಲ. ಆದರೆ ಅವರ ನಂತರದ ನಾವು? ಪಾದ್ರಿ ನಮ್ಮ ಕಥೆಗಳಲ್ಲಿ ಆಮಿಷ ಒಡ್ಡುವವನು, ಇಲ್ಲವೆ ವಿದ್ಯೆ ಕೊಡುವವನು. ರಾತ್ರಿ ಒಬ್ಬನೇ ಕೂತು ತನ್ನ ದೇವರ ಜತೆ ಜಗಳಾಡುವ ಪಾದ್ರಿಯನ್ನು ನಾಡಿಸೋಜರಂತಹ ಒಳಗಿನ ಒಬ್ಬಿಬ್ಬರನ್ನು ಬಿಟ್ಟರೆ ಹುಡುಕಬೇಕು. ನಮ್ಮ ಮೌಲವಿಗಳನ್ನೂ ಕನ್ನಡ ಕಥೆ ಹೀಗೆಯೇ ಹೊರಗಿನಿಂದ ನೋಡುತ್ತದೆ ಎಂದು ನಾನು ಗೊಣಗುತ್ತಲೇ ಬಂದವನು. ಹಾಗಿದ್ದೂ ಇಪ್ಪತ್ತು ವರ್ಷಗಳಲ್ಲಿ ಒಬ್ಬ ಪಾದ್ರಿಯನ್ನೂ ಒಳಗಿನಿಂದ ಬರೆಯಲಿಲ್ಲ.

ಮೌಲಾನಾ ಅವರಿಗೆ ನಾನು ಕೇಳಬೇಕೆಂದಿದ್ದ ಪ್ರಶ್ನೆ ಕುರ್‌ಆನಿನದೇ. ಸೂರೆ ರೂಮ್ ಇಳಿದ ಸಂದರ್ಭವನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಪರ್ಶಿಯನ್ನರ ಕೈಯಲ್ಲಿ ರೋಮಿನ ಕ್ರೈಸ್ತರು ಸೋತ ಸುದ್ದಿ ಮಕ್ಕಾಕ್ಕೆ ಬಂದಾಗ ಕುರೈಶರ ಮುಖಂಡರು ಹಿಗ್ಗಿದರು, ಮುಸ್ಲಿಮರು ನೊಂದರು ಎಂದು ತಫ್ಸೀರುಗಳು ಹೇಳುತ್ತವೆ. ಕಿತಾಬು ಇದ್ದವರ ಸೋಲು ತಮ್ಮದೇ ಸೋಲು ಎಂದು ಅವರಿಗನಿಸಿತ್ತು. ಮುಂದೆ ರೂಮಿಗಳು ಗೆಲ್ಲುತ್ತಾರೆಂದು ಹಜರತ್ ಅಬೂಬಕರ್ ಪಂದ್ಯ ಕಟ್ಟಿದ್ದರಂತೆ. ಸೂರೆ ಹಜ್ಜಿನ ನಲವತ್ತನೆಯ ಆಯತ್ತಿನಲ್ಲಿ ದೇವರ ಹೆಸರು ಹೆಚ್ಚಾಗಿ ಸ್ಮರಿಸಲ್ಪಡುವ ಜಾಗಗಳೆಂದು ಮಠ, ಚರ್ಚು, ಸಿನಗಾಗುಗಳನ್ನು ಎಣಿಸಿ ಕೊನೆಗೆ ಮಸೀದಿಯನ್ನು ಹೇಳಿದೆ. ಅಂದಿನವರು ಅತ್ತ ಕಡೆ ನಾವು ಯಾಕೆ ನಾರಾ ಹಾಕುತ್ತಿದ್ದೇವೆ?

ಜಲ್ಸಾ ಮುಗಿದ ರಾತ್ರಿ ನಿದ್ದೆ ಬರದೆ ನಾನು ನೆನೆದದ್ದು ಮಿರಜನ್ನು. ನಮ್ಮ ಭಾಗದಲ್ಲಿ ಕಾಯಿಲೆ ಕೈಮೀರಿದರೆ ಈಗ ಬೆಳಗಾವಿ ಎನ್ನುತ್ತಾರೆ, ನನ್ನ ಬಾಲ್ಯದಲ್ಲಿ "ಮಿರಜಕ್ಕ ಒಯ್ರಿ" ಎನ್ನುತ್ತಿದ್ದರು. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನಲೆಸ್ ಎಂಬ ಡಾಕ್ಟರು 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನಿಂದ ಈ ಕಡೆ ಬಂದು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅದಕ್ಕೆ ಬಂದ ಹಣದಲ್ಲಿ ಅಮೆರಿಕದ ಊರೂರಿನ ಚರ್ಚುಗಳಲ್ಲಿ ಭಾನುವಾರ ತಟ್ಟೆಗೆ ಬಿದ್ದ ಚಿಲ್ಲರೆಯೂ ಸೇರಿತ್ತು. ಆ ಪ್ರೆಸ್ಬಿಟೇರಿಯನ್ ಚರ್ಚಿನ ಉತ್ತರ, ದಕ್ಷಿಣ ಶಾಖೆಗಳು 1983ರಲ್ಲಿ ಒಂದಾದಾಗ ಮೂವತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. 2023ರ ಕೊನೆಗೆ ಉಳಿದವರು ಹನ್ನೊಂದು ಲಕ್ಷದಷ್ಟು. ಮೌಲಾನಾ ಹೇಳಿದ ಖಾಲಿ ಬೆಂಚುಗಳಲ್ಲಿ ನಮ್ಮ ಮಿರಜದ ಹಾಸಿಗೆಗಳಿಗೆ ಹಣ ಹಾಕಿದವರ ಮಕ್ಕಳು, ಮೊಮ್ಮಕ್ಕಳು ಕೂರಬೇಕಾಗಿದ್ದ ಬೆಂಚುಗಳೂ ಇವೆ.

1988ರಲ್ಲಿ ನಮ್ಮ ದಾದಾನಿಗೆ ಹೊಟ್ಟೆಯ ಆಪರೇಶನ್ ಆದದ್ದು ಅಲ್ಲಿಯೇ. ಘಟಪ್ರಭಾ ಸ್ಟೇಶನ್ನಿನಿಂದ ಮೀಟರ್‌ಗೇಜಿನ ರೈಲು ಹತ್ತಿಸಿ ಒಯ್ದರು. ನಾನು ಏಳೆಂಟು ವರ್ಷದವ, ಹಟ ಮಾಡಿ ಜತೆಗೆ ಹೋಗಿದ್ದೆ. ಇಳಿದ ಕೂಡಲೆ ದಾದಾ ಮೊದಲು ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಫಾತಿಹಾ ಓದಿಸಿ, ಆಮೇಲೆ ಆಸ್ಪತ್ರೆಗೆ ಬಂದ. ಆಪರೇಶನ್ನಿನ ದಿನ ಬೆಳಿಗ್ಗೆ ಬಿಳಿ ಸೀರೆಯ ನರ್ಸಬಾಯಿ ಬಂದು, "ಬಾಬಾ, ಪ್ರಾರ್ಥನೆ ಮಾಡಲಾ?" ಎಂದು ಮರಾಠಿಯಲ್ಲಿ ಕೇಳಿದಳು. ಅಬ್ಬಾ ಸಂಕೋಚದಿಂದ ಈ ಕಡೆ ಆ ಕಡೆ ನೋಡಿದರು. ದಾದಾ ಮಾತ್ರ, "ಮಾಡವಾ, ಕೇಳಾವ ಒಬ್ಬನ ಅದಾನಲ್ಲ" ಎಂದು ಮಲಗಿದಲ್ಲೇ ಎರಡೂ ಕೈ ದುವಾಕ್ಕೆ ಎತ್ತಿದ. ಅವಳು ಕಣ್ಣು ಮುಚ್ಚಿ ಏನೋ ಹೇಳಿದಳು. ಕೊನೆಗೆ ಇಬ್ಬರೂ ಆಮೀನ್ ಎಂದರು.

ದಾದಾ ಮತ್ತೆ ಹನ್ನೊಂದು ವರ್ಷ ಬದುಕಿದ. ಫಜರಿನ ನಮಾಜು ಮುಗಿಸಿ ದುವಾ ಮಾಡುವಾಗ ಸತ್ತವರ, ಇದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳುವುದು ಅವನ ರೂಢಿ. ಆ ಪಟ್ಟಿಯಲ್ಲಿ ಕೊನೆಗೆ "ವಾನಲೇಸ ಸಾಹೇಬ" ಎಂಬ ಹೆಸರೂ ಬರುತ್ತಿತ್ತು. ತನ್ನ ಹೊಟ್ಟೆ ಕೊಯ್ದು ಹೊಲಿದವನು ಅವನೇ ಎಂದು ದಾದಾ ತಿಳಿದಿದ್ದ. ವಾನಲೆಸ್ ತೀರಿಕೊಂಡಿದ್ದು 1933ರಲ್ಲಿ, ದಾದಾನ ಆಪರೇಶನ್ ಮಾಡಿದವರು ನಮ್ಮ ದೇಶದವರೇ ಆದ ಡಾಕ್ಟರರು. ಹೈಸ್ಕೂಲಿಗೆ ಹೋದ ಮೇಲೆ ಇದನ್ನು ತಿಳಿದುಕೊಂಡು ಒಮ್ಮೆ ತಿದ್ದಲು ಹೋದೆ. ದಾದಾ ತಸ್ಬೀ ನಿಲ್ಲಿಸಿ ನನ್ನ ಮುಖ ನೋಡಿದ. "ಸತ್ತಾನಂದ್ರ ದುವಾ ಹೆಚ್ಚಿಗೆ ಬೇಕಲ್ಲೋ" ಎಂದು ಮತ್ತೆ ಮಣಿ ಎಣಿಸತೊಡಗಿದ.